ಕೆಂಪು ದಾರದ ಮರಿಗಳು

ಮೊನ್ನೆ ಬಂಗಾರಪೇಟೆ ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ತೋಳಿಗೆ ಸ್ಪಿರಿಟ್ಟಿನ ಹತ್ತಿ ಒತ್ತಿದಳು. ಪಕ್ಕದಲ್ಲಿ ನಿಂತಿದ್ದ ನನ್ನ ಮಗಳು ಸುಶೀಲ ಸೆರಗನ್ನು ಮೂಗಿಗೆ ಹಿಡಿದುಕೊಂಡು ಬಾಗಿಲಾಚೆ ಹೋಗಿಬಿಟ್ಟಳು. ಅರವತ್ತು ದಾಟಿದ ಹೆಂಗಸು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು. ಸೂಜಿ ಕಂಡರೆ ಭಯವಿಲ್ಲ, ರಕ್ತ ಕಂಡರೆ ಭಯವಿಲ್ಲ. ಆ ವಾಸನೆ ಮಾತ್ರ ಆಗುವುದಿಲ್ಲ. "ಮಗಳಿಗಿಂತ ನೀವೇ ಗಟ್ಟಿ ಬಿಡಿ ಅಜ್ಜಿ" ಅಂತ ನರ್ಸಮ್ಮ ನಕ್ಕಳು. ನಾನೂ ನಕ್ಕೆ, ನಾನು ನಕ್ಕ ಕಾರಣ ಬೇರೆ. ಸಾರಾಯಿಯ ಹಾಗಿರುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಂದಿದುರ್ಗ ಗಣಿಯ ಕೂಲಿ ಲೈನಿನಲ್ಲಿ ನಮ್ಮ ತಟ್ಟಿ ಮನೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಕೋಳಿಮರಿಗಳನ್ನು ನೋಡುತ್ತಿದ್ದೆ. ಹೊಟ್ಟೆಯಲ್ಲಿ ಇದೇ ಸುಶೀಲ ಇದ್ದಳು.

ಚಿನ್ನದ ಗಣಿಗಳು ಬಿಳಿ ದೊರೆಗಳ ಕೈ ತಪ್ಪಿ ಸರ್ಕಾರದ ಕೈಗೆ ಬಂದು ಇನ್ನೂ ಕೆಲವೇ ವರ್ಷಗಳಾಗಿದ್ದವು. ನಾನು ಕಾಮಸಮುದ್ರದ ಕಡೆಯವಳು. ಮಿಡ್ಲ್ ಸ್ಕೂಲ್ ಓದಿದ್ದೆ, ಸಿಕ್ಕಿದ ಕಾಗದವನ್ನೆಲ್ಲ ಓದುವ ಚಟ ಇತ್ತು, ಯಾರನ್ನಾದರೂ "ಯಾಕೆ?" ಅಂತ ಕೇಳುವ ಚಟ ಅದಕ್ಕಿಂತ ಜಾಸ್ತಿ ಇತ್ತು. ಮದುವೆಯಾಗಿ ಲೈನಿಗೆ ಬಂದು ಒಂದು ವರ್ಷ. ಮನೆಯಲ್ಲಿ ನಾನು, ನಮ್ಮತ್ತೆ, ನಮ್ಮ ಯಜಮಾನರು ನಾರಾಯಣಪ್ಪ. ಅವರು ಸುರಂಗದೊಳಗೆ ಕೆಲಸ ಮಾಡುತ್ತಿದ್ದರು. ನೆಲದಡಿ ಎಲ್ಲೋ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಗಳೆಲ್ಲ ಒಂದು ಸಲ ಅದುರುತ್ತಿದ್ದವು. ಗೂಡಿನ ಲೋಟ ಉರುಳುತ್ತಿತ್ತು, ಒಲೆಯ ಮೇಲಿನ ಸಾರು ತುಳುಕುತ್ತಿತ್ತು. ಹೆಂಗಸರೆಲ್ಲ ಹೊರಗೆ ಬಂದು ಗಣಿಯ ದೊಡ್ಡ ಚಕ್ರ ತಿರುಗುತ್ತಿದೆಯೋ ಇಲ್ಲವೋ ಅಂತ ನೋಡುವುದು, ಅಪಾಯದ ಸೈರನ್ನು, ನಮ್ಮ ಬಾಯಲ್ಲಿ ಸಂಗು, ಕೂಗುತ್ತದೇನೋ ಅಂತ ಕಿವಿ ಕೊಡುವುದು. ಕೂಗಲಿಲ್ಲ ಅಂದರೆ ಒಳಗೆ ಹೋಗಿ ಮುದ್ದೆ ತಿರುವುವುದು. ಮೊದಲ ಸಲ ನಾನು ಓಡಿಹೋಗಿ ಬೀದಿಯಲ್ಲಿ ನಿಂತಿದ್ದಕ್ಕೆ ಇಡೀ ಲೈನೇ ನಕ್ಕಿತ್ತು.

ನಮ್ಮ ಯಜಮಾನರು ಕೆಟ್ಟವರಲ್ಲ. ಹೊಡೆದವರಲ್ಲ, ಬೈದವರಲ್ಲ. ಆದರೆ ಪಾಳಿ ಮುಗಿದರೆ ಕಾಲು ನೆಟ್ಟಗೆ ಸಾರಾಯಿ ಅಂಗಡಿಗೇ ಹೋಗುತ್ತಿದ್ದವು. ಸುರಂಗದ ಆ ಕಾವಲ್ಲಿ ಬೆಂದು ಬಂದ ಮೈಗೆ ಅದು ಬೇಕೇ ಬೇಕು ಅನ್ನುತ್ತಿದ್ದರು. ಕುಡಿದು ಬಂದರೆ ಸುಮ್ಮನೆ ಕೂತು ಅಳುವರು. ಯಾಕೆ ಅಂದರೆ ಹೇಳರು. ಬೈಯುವ ಗಂಡನಾದರೆ ತಿರುಗಿ ಬೈಯಬಹುದು, ಅಳುವ ಗಂಡನನ್ನು ಕಟ್ಟಿಕೊಂಡು ಏನು ಮಾಡಲಿ ಹೇಳಿ!

ಮನೆಯಲ್ಲಿ ಇನ್ನೊಂದು ಪ್ರಾಣಿಗೂ ಆ ಸಾರಾಯಿ ಭಾಗ್ಯ ಇತ್ತು. ಕೆಂಪ ಅಂತ ಪಂದ್ಯದ ಹುಂಜ. ದಿನಾ ಒಂದು ಹಿಡಿ ರಾಗಿಯನ್ನು ಸಾರಾಯಿಯಲ್ಲಿ ನೆನೆಸಿ ಅದಕ್ಕೆ ಹಾಕುವರು. ರೋಷ ಬರುತ್ತದಂತೆ.

"ಅದಕ್ಕೆ ಬೇಕೋ ಬ್ಯಾಡವೋ, ಕೇಳಿದ್ರಾ?" ಅಂದೆ ಒಂದು ದಿನ.

"ಕೋಳೀನ ಕೇಳಿ ಕಾರ ಅರೀತಾರೇನೇ?" ಅಂದರು. ಅವರ ಮಾತಿಗೆ ಅವರೇ ನಕ್ಕರು.

ಕೆಂಪನ ಜೊತೆ ಒಂದೇ ಕಾವಿನಲ್ಲಿ ಹುಟ್ಟಿದ ಇನ್ನೊಂದು ಹುಂಜ ಬೂದ, ಪಕ್ಕದ ಮನೆಯ ಸೆಲ್ವಿ ಅಕ್ಕನ ಹತ್ತಿರ ಇತ್ತು. ಅವಳ ಗಂಡ ಭಜನೆ ಮಾಡುವ ಮನುಷ್ಯ, ಬೀಡಿ ಕೂಡ ಮುಟ್ಟುತ್ತಿರಲಿಲ್ಲ. ಬೂದನಿಗೆ ಬರೀ ರಾಗಿ, ಬರೀ ನೀರು. ಅವಳ ಮನೆಯ ಮರಿಗಳೂ ನಮ್ಮ ಮನೆಯ ಮರಿಗಳೂ ಒಂದೇ ಅಂಗಳದಲ್ಲಿ ಮೇಯುತ್ತಿದ್ದವು. ಶಿವರಾತ್ರಿ ಕಳೆದು ಬಿಸಿಲು ಏರಿದ ಒಂದು ಬೆಳಿಗ್ಗೆ ನೆಲ ಅದುರಿತು. ನಾನೂ ಸೆಲ್ವಿ ಅಕ್ಕನೂ ಹೊರಗೇ ಇದ್ದೆವು. ಅವಳ ಮರಿಗಳು ಒಂದು ಸಲ ಕತ್ತು ಎತ್ತಿ ಮತ್ತೆ ಕೆದಕಲು ಶುರು ಮಾಡಿದವು. ನಮ್ಮವು ಚೆಲ್ಲಾಪಿಲ್ಲಿ! ಒಂದು ಸೌದೆ ಸಂದಿಗೆ, ಒಂದು ಒರಳಿನ ಹಿಂದೆ. ಬಹಳ ಹೊತ್ತು ಆಚೆಗೆ ಬರಲಿಲ್ಲ.

"ಪಾಪಮ್ಮಾ, ಉಂಗ ಕೋಳಿ ಎಲ್ಲಾ ಬಯಂದಾಂಗೊಳ್ಳಿ" ಅಂದಳು ಸೆಲ್ವಿ ಅಕ್ಕ. ಪುಕ್ಕಲು ಅಂತ ಅರ್ಥ. ಆಮೇಲೆ ಕನ್ನಡಕ್ಕೆ ಬಂದು, "ಅಪ್ಪ ಕುಡಿದ್ರೆ ಮರಿಗೆ ತಲೆ ಸುತ್ತುತ್ತೆ ನೋಡು" ಅಂತ ಜೋರಾಗಿ ನಕ್ಕಳು.

ಅವಳು ತಮಾಷೆಗೆ ಅಂದಿದ್ದು. ನನಗೆ ಆಗ ಮುಟ್ಟು ನಿಂತು ಎರಡನೆಯ ತಿಂಗಳು ನಡೆಯುತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಹೌದಾ? ಕುಡಿದವನು ಅಪ್ಪ, ನಡುಗುವುದು ಮರಿಯಾ? ಮೊಟ್ಟೆಯೊಳಗೆ ಸಾರಾಯಿ ಹೋಗುವುದು ಹೇಗೆ? ಆ ದಿನ ಮುದ್ದೆಯಲ್ಲಿ ಗಂಟು ಬಿಟ್ಟು ಅತ್ತೆಯಿಂದ ಬೈಸಿಕೊಂಡೆ.

ನಮ್ಮಮ್ಮನ ತಮ್ಮ ಕೃಷ್ಣಪ್ಪ ಮಾಮ ಬಂಗಾರಪೇಟೆಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅಮ್ಮ ಹೋದ ಮೇಲೆ ನನಗೆ ತವರು ಅಂದರೆ ಮಾಮನೇ. ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ಹೋದೆ. ಮಾಮ ಎತ್ತಿನ ಬಾಯಿಗೆ ಬಿದಿರು ಗೊಟ್ಟದಲ್ಲಿ ಔಷಧಿ ಹುಯ್ಯುತ್ತಿದ್ದ. ಕೋಳಿಮರಿ ಕತೆ ಹೇಳಿದೆ.

"ನೋಡಮ್ಮಿ, ಮುದುಕಿ ತನ್ ಕೋಳಿ ಕೂಗಿದ್ಕೇ ಬೆಳಗಾಯ್ತು ಅಂದ್ಲಂತೆ. ಅಂಗಾಗ್ಬಾರ್ದು" ಅಂದ. "ಮರಿ ಎದರಿದ್ದು ನಿಜ. ಅಪ್ಪನ ದೆಸೆಯಿಂದ್ಲಾ, ಅವ್ವನ ದೆಸೆಯಿಂದ್ಲಾ? ನಿಮ್ಮನೆ ಹೇಂಟೇನೇ ಪುಕ್ಕಲು ಇದ್ರೆ? ಅದು ಓಡೋದ್ ನೋಡಿ ಮರಿಗೋಳು ಕಲ್ತಿದ್ರೆ?"

ಇದು ನನಗೆ ಹೊಳೆದೇ ಇರಲಿಲ್ಲ. "ಮತ್ತೆಂಗೆ ತಿಳ್ಕಳ್ಳೋದು ಮಾಮ?"

"ಒಂದೇ ಕಾವಿನ ಎರಡು ಹೇಂಟೆ ತಗೋ. ಒಂದನ್ನ ಕೆಂಪನ ಜತೆ ಕೂಡಾಕು, ಒಂದನ್ನ ಬೂದನ ಜತೆ. ಮೂರು ವಾರ ಬಂದ ಮೊಟ್ಟೆ ನೀವೇ ತಿನ್ನಿ, ಹಳೇ ಹುಂಜದ ಬೀಜ ಅಷ್ಟು ದಿನ ಒಳಗಿರ್ತದೆ. ಆಮೇಲಿನ ಮೊಟ್ಟೆ ಎಲ್ಲಾನೂ ಬೇರೆ ಯಾವ್ದಾದ್ರೂ ಒಂದು ಕೋಳಿ ಕೆಳಗೆ ಕಾವಿಗಾಕು. ಒಂದೇ ಮಂಕ್ರಿ, ಒಂದೇ ಕಾಳು, ಒಂದೇ ಅಂಗಳ. ಅಪ್ಪ ಒಬ್ನೇ ಬೇರೆ." ಕೈ ತೊಳೆದುಕೊಂಡು ಬಂದವನು ನನ್ನ ಮುಖ ನೋಡಿದ. "ಕೋಳಿ ಮೇಲೆ ನಿಂಗೆ ಇಷ್ಟೊಂದು ಯಾಕಮ್ಮಿ?" ಅಂದ. ನಾನು ಸೆರಗು ಎಳೆದು ಹೊಟ್ಟೆಗೆ ಹೊದ್ದುಕೊಂಡೆ. ಅವನು ರೈಲು ಹತ್ತಿಸುವಾಗ ಒಂದು ಚಿಪ್ಪು ಬಾಳೆಹಣ್ಣು ಮಡಿಲಿಗೆ ಹಾಕಿದ.

ಸೆಲ್ವಿ ಅಕ್ಕನಿಗೆ ಹೇಳಿದೆ. ಹೊಟ್ಟೆ ವಿಷಯವನ್ನೂ ಹೇಳಿದೆ. ಅವಳು ಕೆನ್ನೆ ಕೆನ್ನೆ ಬಡಿದುಕೊಂಡು, ಅವತ್ತಿನ ಮಾತನ್ನು ವಾಪಸ್ ತಗೊಂಡೆ ಅಂದಳು. ಬಾಯಿಂದ ಬಿದ್ದ ಮಾತು ವಾಪಸ್ ಎಲ್ಲಿ ಬರುತ್ತದೆ! ಇಬ್ಬರೂ ಸೇರಿ ಕೋಳಿ ಕೂಡಿಹಾಕಿದೆವು, ಮೂರು ವಾರ ಮೊಟ್ಟೆ ಸಾರು ತಿಂದೆವು. ಆಮೇಲೆ ಕೆಂಪನ ಕಡೆಯ ಆರು ಮೊಟ್ಟೆ, ಬೂದನ ಕಡೆಯ ಏಳು. ನಮ್ಮ ಕಡೆ ಕಾವಿಗೆ ಬೆಸ ಸಂಖ್ಯೆಯೇ ಇಡಬೇಕು. ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಮಂಕರಿಯ ಬುಡದಲ್ಲಿ ಒಂದು ಕಬ್ಬಿಣದ ಮೊಳೆ. ಗುರುತಿಗೆ ಕೆಂಪನ ಮೊಟ್ಟೆಗಳಿಗೆ ಮಾತ್ರ ಕಾಡಿಗೆ ಬೊಟ್ಟು ಇಟ್ಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಹದಿನೈದು ದಿನಕ್ಕೆ ಕೋಳಿ ಮೇಲೆದ್ದಾಗ ಇಣುಕಿ ನೋಡಿದರೆ ಹದಿಮೂರು ಮೊಟ್ಟೆಗೂ ಬೊಟ್ಟು!

"ಅತ್ತೆ, ಇದ್ಯಾರು ಮಾಡಿದ್ದು?"

"ನಾನೇ ಕಣಮ್ಮಿ. ಅರ್ಧಕ್ಕೆ ಬೊಟ್ಟಿಟ್ಟು ಅರ್ಧ ಅಂಗೇ ಬಿಟ್ಟಿದ್ದೀಯಲ್ಲ, ದಿಷ್ಟಿ ಆಗಲ್ವಾ? ಬಸುರಿ ಎಂಗಸು ಮರ್ತಿರ್ತೀಯ ಅಂತ ನಾನೇ ಇಟ್ಟೆ" ಅಂದರು ಅತ್ತೆ. ಮುಖದಲ್ಲಿ ಎಂಥ ತೃಪ್ತಿ!

ನನಗೆ ಅಳು ಬಂತು, ಅಳುತ್ತಲೇ ನಗು ಬಂತು. ಸೆಲ್ವಿ ಅಕ್ಕ ಗೋಡೆ ಹಿಡಿದುಕೊಂಡು ನಕ್ಕಳು. ಆ ಕಾವಿನ ಮರಿಗಳಲ್ಲಿ ಯಾವುದು ಯಾರದು ಅಂತ ಆ ದೇವರಿಗೂ ಗೊತ್ತಾಗಲಿಲ್ಲ. ಒಂದು ಕಾವು ಹಾಳಾಯಿತು. ನನ್ನ ಹೊಟ್ಟೆ ಮಾತ್ರ ನಿಲ್ಲದೆ ಬೆಳೆಯುತ್ತಿತ್ತು.

ಎರಡನೆಯ ಕಾವು ಆಷಾಢದ ಗಾಳಿಯಲ್ಲಿ. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಬಿಳಿ ಧೂಳು ಲೈನಿನ ಮೇಲೆಲ್ಲ ಸುರಿಯುವ ಕಾಲ, ಅನ್ನಕ್ಕೂ ಅದೇ, ಹಾಸಿಗೆಗೂ ಅದೇ. ಈ ಸಲ ನಾನೇ ಹದಿಮೂರಕ್ಕೂ ಬೊಟ್ಟಿಟ್ಟು ಅತ್ತೆಗೆ ತೋರಿಸಿದೆ. ಕೆಂಪನವಕ್ಕೆ ಮಾತ್ರ ತಳದಲ್ಲಿ ಸೀಸದ ಕಡ್ಡಿಯಿಂದ ಸಣ್ಣ ಅಡ್ಡಗೀಟು ಎಳೆದೆ. ಇಪ್ಪತ್ತನೆಯ ದಿನದಿಂದ ಎರಡು ದಿನ ಮಂಕರಿ ಬಿಟ್ಟು ಕದಲಲಿಲ್ಲ. ಗೀಟಿನ ಮೊಟ್ಟೆಯಿಂದ ಮರಿ ಬಂದ ಕೂಡಲೇ ಅದರ ಕಾಲಿಗೆ ಕೆಂಪು ದಾರ. ಆರರಲ್ಲಿ ನಾಲ್ಕು ಮಾತ್ರ ಒಡೆದವು. ಬೂದನ ಏಳರಲ್ಲಿ ಆರು. ಅದೂ ಯಾಕೋ ಮನಸ್ಸಿಗೆ ಕುಟುಕಿತು.

ಆಮೇಲೆ ನೋಡಿದ್ದೇ ನೋಡಿದ್ದು. ಕಾಲು ದಪ್ಪವಾದಂತೆ ದಾರ ಬಿಚ್ಚಿ ಸಡಿಲವಾಗಿ ಮತ್ತೆ ಕಟ್ಟುವುದು, ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುವುದು. ಶ್ರಾವಣದಲ್ಲಿ ಮೂರು ಸಲ ನೆಲ ಅದುರಿತು. ಮೂರು ಸಲವೂ ಕೆಂಪು ದಾರದವೇ ಮೊದಲು ಓಡಿದವು, ಕೊನೆಗೆ ಬಂದವು. ಎಲ್ಲವೂ ಅಲ್ಲ ಅನ್ನಿ. ದಾರದವುಗಳಲ್ಲಿ ಒಂದು ಹೇಂಟೆಮರಿ ಗಟ್ಟಿಗಿತ್ತಿ, ಅಲ್ಲಾಡುತ್ತಿರಲಿಲ್ಲ. ಬೂದನವುಗಳಲ್ಲಿ ಒಂದು ಹೆದರುಪುಕ್ಕಲ, ಮರದ ಎಲೆ ಬಿದ್ದರೂ ಓಟ. ಆದರೂ ಒಟ್ಟಿನಲ್ಲಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. ಸಾಕಿದ ಕೋಳಿ ಒಂದೇ, ತಿಂದ ಕಾಳು ಒಂದೇ. ನನಗೆ ಒಂದು ಕಡೆ ಏನೋ ಕಂಡುಹಿಡಿದೆ ಅನ್ನುವ ಖುಷಿ, ಇನ್ನೊಂದು ಕಡೆ ಹೊಟ್ಟೆಯೊಳಗೆ ಮಗು ಒದೆಯುವಾಗೆಲ್ಲ, ಇದು ಒದೆತವೋ ಬೆಚ್ಚುವುದೋ ಅನ್ನುವ ಭಯ.

ಇನ್ನೊಂದು ಯೋಚನೆ ಬಂತು. ಕುಡುಕನ ಮಕ್ಕಳಿಗೆ ಕುಡಿತದ ಮೇಲೇ ಆಸೆ ಅಂತಾರಲ್ಲ, ಅದೂ ನೋಡೇಬಿಡೋಣ. ಯಜಮಾನರು ಕೆಂಪನಿಗೆ ನೆನೆಸಿಟ್ಟ ರಾಗಿಯಲ್ಲಿ ಒಂದು ಚಿಟಿಕೆ ಕದ್ದು ಅಂಗಳಕ್ಕೆ ಎರಚಿದೆ. ದಾರದ ಮರಿಗಳು ಮುಗಿಬೀಳುತ್ತವೆ ಅಂತ ಕಾದೆ. ಅಯ್ಯೋ, ಅವು ಹತ್ತಿರ ಬಂದವು, ಕತ್ತು ಚಾಚಿದವು, ತಲೆ ಒದರಿ ಹಿಂದೆ ಸರಿದವು! ಬೂದನ ಮರಿಗಳು, ಭಜನೆ ಮನೆಯವು, ಟಕಟಕ ಅಂತ ಅಷ್ಟನ್ನೂ ಹೆಕ್ಕಿ ತಿಂದು, ಒಂದರ ಮೇಲೊಂದು ಬಿದ್ದು ಒದ್ದಾಡಿದವು. ಸೆಲ್ವಿ ಅಕ್ಕನ ನಗು ನಿಂತೇ ಹೋಯಿತು. ನಾಲ್ಕು ದಿನ ಬಿಟ್ಟು ಮತ್ತೆ ಹಾಕಿದೆ. ಮತ್ತೆ ಅದೇ.

ಮಾಮನಿಗೆ ಕಾಗದ ಬರೆದೆ. ಅವನ ಉತ್ತರ ಒಂದೇ ಕಾರ್ಡಿನಲ್ಲಿ ಬಂತು: ಹತ್ತು ಮರಿ ನೋಡಿ ಲೋಕಕ್ಕೆ ಹೇಳೋಕಾಗಲ್ಲ, ಆದರೆ ನೀನು ಕಂಡದ್ದು ಕಂಡದ್ದೇ, ಬರೆದಿಡು, ಏನು ಇಳಿದು ಬರುತ್ತೆ, ಏನು ಬರಲ್ಲ ಅಂತ ಈ ಆಸ್ಪತ್ರೆಯ ಡಾಕ್ಟರಿಗೂ ಗೊತ್ತಿಲ್ಲವಂತೆ, ಕೇಳಿದೆ. ಆ ಕಾರ್ಡನ್ನು ಎಷ್ಟೋ ಸಲ ಓದಿದೆ. ಮಿಡ್ಲ್ ಸ್ಕೂಲಿಗೇ ನಿಂತ ನಾನು, ಆ ಡಾಕ್ಟರು, ಇಬ್ಬರಿಗೂ ಗೊತ್ತಿಲ್ಲದ್ದು ಒಂದೇ ಅಂತ ತಿಳಿದು ಸ್ವಲ್ಪ ಧೈರ್ಯವೂ ಬಂತು.

ಗೌರಿ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಯಜಮಾನರು ಪಾಳಿಯಿಂದ ನೇರವಾಗಿ ಮನೆಗೆ ಬಂದರು. ಅವತ್ತು ಅಂಗಡಿಗೆ ಹೋಗುವ ಮುಂಚೆ ಕೆಂಪನನ್ನು ನೋಡಿ ಹೋಗೋಣ ಅಂತ. ಒಂದು ಮರಿ ಅವರ ಕೈಗೆ ಸಿಕ್ಕಿತು.

"ಇದ್ಯಾಕೆ ದಾರ?"

ದೃಷ್ಟಿಗೆ ಅಂದಿದ್ದರೆ ಮುಗಿಯುತ್ತಿತ್ತು. ನನಗೆ ಸುಳ್ಳು ಬಾಯಿಗೆ ಬರಲಿಲ್ಲ, ಏಳು ತಿಂಗಳ ಹೊಟ್ಟೆ ಹೊತ್ತು ಬೇಸತ್ತಿದ್ದೆ. ಎಲ್ಲ ಹೇಳಿಬಿಟ್ಟೆ. ಮೊಳೆ, ಗೀಟು, ಕದ್ದ ರಾಗಿ, ಮಾಮನ ಕಾರ್ಡು, ಎಲ್ಲ. ಅವರ ಮುಖ ಕೆಂಪಾಯಿತು.

"ನಂಗೇಳ್ದಂಗೆ ನನ್ ಕೋಳಿ ಮೇಲೆ ಪರೀಕ್ಷೆ ಮಾಡಿದ್ಯಾ?"

"ಕೋಳಿ ಕಟ್ಕೊಂಡು ನಂಗೇನಾಗ್ಬೇಕು?" ಅಂದೆ. ದನಿ ಏರಿಯೇಬಿಟ್ಟಿತು. "ನನ್ನೊಟ್ಟೇಲಿರೋದು ನಿಮ್ ಮಗು. ಅದಕ್ಕೆ ಏನ್ ಕಾದೈತೋ ನಂಗೆ ತಿಳ್ಕಬೇಕಿತ್ತು. ಕುಡಿಯೋರು ನೀವು. ಎದರ್ಕೊಂಡು ಒರಳಿನ ಇಂದೆ ಕೂರೋದು ಅದಾ?"

ಮರಿಯನ್ನು ಮೆಲ್ಲಗೆ ಕೆಳಗೆ ಬಿಟ್ಟರು. ಎದ್ದು ಹೊರಟೇಹೋದರು. ಅಂಗಡಿಗೇ ಹೋದರು ಅಂದುಕೊಂಡೆ. ಒಳಗಿನಿಂದ ಅತ್ತೆ, "ಗಂಡಸಿನ ಮುಂದೆ ಅಂಗೆಲ್ಲಾ ಮಾತಾಡ್ತಾರೇನಮ್ಮಿ" ಅಂತ ಗೊಣಗಿದರು. ನಾನು ಒಲೆ ಊದಿದೆ, ಹೊಗೆಗೋ ಏನೋ ಕಣ್ಣಲ್ಲಿ ನೀರು.

ಸ್ವಲ್ಪ ಹೊತ್ತಿಗೆ ನೋಡಿದರೆ ಅಂಗಳದಲ್ಲಿ ಕೂತಿದ್ದಾರೆ. ಬಾವಿಯ ಹತ್ತಿರ ಹೋಗಿ ತಲೆ ನೆನೆಸಿಕೊಂಡು ಬಂದಿದ್ದರು.

"ಎದರಿಕೊಂಡವು ಆಮೇಲೆ ಸರೋಗ್ತಾವಾ?" ಅಂದರು.

"ಗೊತ್ತಿಲ್ಲ. ಅದನ್ನೇ ನೋಡ್ತಿದೀನಿ."

"ನಾನೂ ನೋಡ್ತೀನಿ."

ಅಂದಿನಿಂದಲೇ ಕುಡಿತ ಬಿಟ್ಟರು ಅಂದರೆ ಸುಳ್ಳಾಗುತ್ತದೆ. ಕೆಂಪನಿಗೆ ಸಾರಾಯಿ ನಿಂತದ್ದು ಅವತ್ತೇ. ತಾವು ಒಂದು ದಿನ ಬಿಡುವರು, ಒಂದು ದಿನ ಹೋಗುವರು. ಹೋಗದ ದಿನ ಕೈ ನಡುಗುತ್ತಿತ್ತು. ಆ ನಡುಗುವ ಕೈಯಲ್ಲೇ ರಾಗಿ ಹಿಡಿದು ದಾರದ ಮರಿಗಳ ಮುಂದೆ ಕೂರುವರು. ಮೊದಮೊದಲು ಅವು ಹತ್ತಿರ ಸುಳಿಯಲಿಲ್ಲ. ಒಂದು ವಾರಕ್ಕೆ ಗಟ್ಟಿಗಿತ್ತಿ ಬಂದಳು. ಅವಳ ಹಿಂದೆ ಇನ್ನೆರಡು. ಒಂದು ದಿನ ನೆಲ ಅದುರಿದಾಗ ಆ ಎರಡೂ ಓಡಿದವು, ಎಲ್ಲಿಗೆ ಅಂತೀರಿ? ಇವರು ಕುಕ್ಕರುಗಾಲಲ್ಲಿ ಕೂತಿದ್ದರಲ್ಲ, ಆ ಕಾಲುಗಳ ಸಂದಿಗೆ! ಯಜಮಾನರು ಉಸಿರು ಬಿಡದೆ ಕೂತರು, ಕಾಲು ಜೋಮು ಹಿಡಿದರೂ ಏಳಲಿಲ್ಲ. "ಬರ್ಕೊಳ್ಳೇ, ಬರ್ಕೊಳ್ಳೇ" ಅಂತ ಪಿಸುಗುಟ್ಟಿದರು. ಬರೆದುಕೊಂಡೆ. ನಾಲ್ಕನೆಯದು, ಎಲ್ಲಕ್ಕಿಂತ ಚಿಕ್ಕದು, ಕೊನೆಯವರೆಗೂ ಸೌದೆ ಸಂದಿ ಬಿಡಲಿಲ್ಲ. ಅದನ್ನೂ ಬರೆದುಕೊಂಡೆ.

ದೀಪಾವಳಿಯ ಪಟಾಕಿ ಸದ್ದು ಅಡಗಿದ ಮೇಲೆ ಸುಶೀಲ ಹುಟ್ಟಿದಳು. ಹನ್ನೊಂದನೆಯ ದಿನ ಅತ್ತೆ ಮಗುವಿಗೆ ನೀರೆರೆದು, ಕಾಲಿಗೆ ಕಟ್ಟಲು ಕರಿದಾರ ಹೊಸೆಯುತ್ತಾ ಕೂತಿದ್ದರು. ಸೆಲ್ವಿ ಅಕ್ಕ ಸಾಂಬ್ರಾಣಿ ಹಾಕುತ್ತಿದ್ದಳು. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಆಗ ನೆಲ ಅದುರಿತು. ಮಗು ಎರಡೂ ಕೈ ಅಗಲಿಸಿ, ಕಾಲು ಒದರಿ, ಕಿಟಾರನೆ ಕಿರುಚಿಕೊಂಡಿತು.

ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಎಲ್ಲಾ ಕೊಳಂದೆಯೂ ಇಂಗೇ ಬೆಚ್ಚೋದಮ್ಮ" ಅಂದಳು ಸೆಲ್ವಿ ಅಕ್ಕ. ಅದು ನನಗೂ ಗೊತ್ತಿತ್ತು. ಆದರೆ ಅವರು ಹತ್ತಿರ ಬಂದು ಮಗುವನ್ನು ಎತ್ತಿ ಎದೆಗೆ ಅವಚಿಕೊಂಡು ಕೇಳಿದರು:

"ಎಲ್ಲಾ ಮಕ್ಕಳು ಎದರೋ ಅಂಗೆ ಎದರಿತಾ, ಇಲ್ಲಾ ನನ್ನಿಂದ್ಲಾ?"

ಅಷ್ಟು ತಿಂಗಳು ಕೂತು ನೋಡಿದವಳು ನಾನು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. "ಗೊತ್ತಿಲ್ಲ" ಅಂದೆ.

ಅವರು ಅತ್ತರು. ಕುಡಿಯದೆ ಅವರು ಅತ್ತದ್ದನ್ನು ನಾನು ಕಂಡಿದ್ದು ಅದೇ ಮೊದಲು. ಮಗುವನ್ನು ನನ್ನ ಮಡಿಲಿಗೆ ಕೊಟ್ಟು, ಗೂಡಿನಲ್ಲಿದ್ದ ಕೆಂಪು ದಾರದ ಉಂಡೆ ತೆಗೆದುಕೊಂಡರು. ಮಗುವಿಗೆ ಕಟ್ಟುತ್ತಾರೇನೋ ಅಂತ ಕೈ ಅಡ್ಡ ಹಿಡಿದೆ. ಅವರು ಕೆಳಗೆ ಕೂತು ತಮ್ಮ ಬಲಗಾಲಿಗೇ ಸುತ್ತಿಕೊಂಡು ಗಂಟು ಹಾಕಿದರು.

"ಇದೇನ್ಲಾ?" ಅಂದರು ಅತ್ತೆ.

"ಗುರುತು ಕಟ್ಟಬೇಕಾಗಿದ್ದು ಮರಿಗೋಳಿಗಲ್ಲಮ್ಮ" ಅಂದರು. ಹೊರಗೆ ಹೋಗಿ ಮರಿಗಳನ್ನು ಒಂದೊಂದಾಗಿ ಹಿಡಿದು ನಾಲ್ಕರ ದಾರವನ್ನೂ ಕತ್ತರಿಸಿಬಿಟ್ಟರು.

ಕಣ್ಣು ತುಂಬಿ ಬಂತು, ನಿಜ. ಸಿಟ್ಟೂ ಬಂತು, ಅದನ್ನು ಯಾಕೆ ಮುಚ್ಚಿಡಲಿ? ಅವು ಮೊಟ್ಟೆ ಇಡುವವರೆಗೆ, ಅವುಗಳ ಮರಿಗಳ ಮರಿಗಳವರೆಗೆ ನೋಡಬೇಕು ಅಂತಿದ್ದೆ. ದಾರ ಹೋದ ಮೇಲೆ ಗಟ್ಟಿಗಿತ್ತಿಯನ್ನೂ ಸೌದೆ ಸಂದಿಯ ಆ ಚಿಕ್ಕದನ್ನೂ ಬಿಟ್ಟು ಯಾವುದು ಯಾರದು ಅಂತ ತಿಳಿಯಲಿಲ್ಲ. ಮಾಮನಿಗೆ ಬರೆದರೆ, "ಓಗ್ಲಿ ಬಿಡಮ್ಮಿ, ಒಂದು ಹುಂಜ ಆದ್ರೂ ಸರೋಯ್ತಲ್ಲ" ಅಂತ ಉತ್ತರ ಬಂತು. ಸರಿಹೋಗಲು ಇನ್ನೂ ಐದು ವರ್ಷ ಹಿಡಿಯಿತು. ಪೂರ್ತಿ ಬಿಟ್ಟಿದ್ದು ಸುಶೀಲ ಶಾಲೆಗೆ ಸೇರಿದ ವರ್ಷ. ನಡುವೆ ಎಷ್ಟೋ ಸಲ ಎಡವಿದರು. ದಾರ ಮಾತ್ರ ಬಿಚ್ಚಲಿಲ್ಲ, ಹಳೆಯದು ಸವೆದರೆ ಹೊಸದು ಕಟ್ಟಿಕೊಳ್ಳುವರು. ಕೇಳಿದವರಿಗೆ ಹರಕೆ ಅನ್ನುವರು.

ಮೊನ್ನೆ ಸೂಜಿ ಚುಚ್ಚಿಸಿಕೊಂಡು ಹೊರಗೆ ಬಂದೆ. ಸುಶೀಲ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತಿದ್ದಳು, ಮೂಗಿನಿಂದ ಸೆರಗು ಇನ್ನೂ ತೆಗೆದಿರಲಿಲ್ಲ. ಎದುರಿಗೆ ಯಾರೋ ಮುದುಕಪ್ಪ, ಮುಂಗೈಗೆ ದೇವಸ್ಥಾನದ ಕೆಂಪು ದಾರ. ಅದನ್ನೇ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

"ಅಮ್ಮ, ಅಪ್ಪನ ಕಾಲಲ್ಲಿ ಯಾವಾಗ್ಲೂ ಒಂದು ಕೆಂಪು ದಾರ ಇರ್ತಿತ್ತಲ್ಲ. ಯಾವ ದೇವರ ಹರಕೆ ಅದು?"

"ನಿಂದೇ ಕಣೇ" ಅಂದೆ.